ವೈಪರ್ ನಿಂತ ಮಳೆಗಾಲ

ನಮ್ಮ ಊಟದ ಮೇಜಿನ ಮೇಲೆ ಒಂದು ಇಡೀ ಮಳೆಗಾಲ ಕಾರಿನ ವೈಪರ್ ಮೋಟರು ಕೂತಿತ್ತು. ಅಮ್ಮ ಇದ್ದಿದ್ದರೆ ಅದು ಹೊಸಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಅಮ್ಮ ಇರಲಿಲ್ಲ. ಹಾಗಾಗಿ ಅದು ಅವಳ ಜಾಗದಲ್ಲೇ, ಅಡುಗೆಮನೆಗೆ ಹತ್ತಿರದ ಕುರ್ಚಿಯ ಎದುರಿಗೆ, ಹಳೆಯ ಪೇಪರಿನ ಮೇಲೆ ಗ್ರೀಸು ಬಿಡುತ್ತಾ ಕೂತಿತ್ತು. ಒಂದು ಕಡೆ ಅಪ್ಪ, ಎದುರಿಗೆ ನಾನು, ಪಕ್ಕದಲ್ಲಿ ದೊಡ್ಡಮ್ಮ. ಸಾರಿನ ಪಾತ್ರೆಯನ್ನು ಆ ಮೋಟರಿಗೆ ತಾಗದ ಹಾಗೆ ಸುತ್ತು ಹಾಕಿ ಕೊಡುವುದನ್ನು ಮೂವರೂ ಕಲಿತುಬಿಟ್ಟಿದ್ದೆವು. ಅದನ್ನು ಅಲ್ಲಿಂದ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ತೆಗೆದರೆ ಅಲ್ಲಿ ಬರೀ ಜಾಗ ಉಳಿಯುತ್ತಿತ್ತು, ಅದನ್ನು ನೋಡುವ ಶಕ್ತಿ ನಮಗೆ ಯಾರಿಗೂ ಇರಲಿಲ್ಲ.

ನೈರೋಬಿಯ ಲೊರೆಶೋದಲ್ಲಿದ್ದ ಆ ಮನೆ ಅಪ್ಪ ಪಾಠ ಹೇಳುತ್ತಿದ್ದ ಕಾಲೇಜಿನವರು ಕೊಟ್ಟದ್ದು. ಕಟ್ಟಿದವರು ಇಂಗ್ಲಿಷರಾದ್ದರಿಂದ ಹಾಲಿನ ಗೋಡೆಯೊಳಗೆ ಕಟ್ಟಿಗೆ ಉರಿಸುವ ಅಗ್ಗಿಷ್ಟಿಕೆ ಇತ್ತು. ಅಮ್ಮ ಅದರ ಮಸಿ ಉಜ್ಜಿ, ಸುಣ್ಣ ಬಳಿದು, ಒಳಗೆ ದೇವರನ್ನು ಕೂರಿಸಿದ್ದಳು. ಮಂಗಳಾರತಿಯ ಹೊಗೆ ಚಿಮಣಿಯಲ್ಲಿ ನೇರವಾಗಿ ಆಕಾಶಕ್ಕೇ ಹೋಗುತ್ತದೆ, ಇಷ್ಟು ಅನುಕೂಲ ಮೈಸೂರಿನ ಮನೆಯಲ್ಲೂ ಇರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಲ್ಲಿಯವರು ಉಗಾಲಿ ಎಂಬ ಮುದ್ದೆಗೆ ಬಳಸುವ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು, ಸುಕುಮಾ ಸೊಪ್ಪಿಗೆ ಕಾಯಿತುರಿ ಹಾಕಿ ಪಲ್ಯ ಮಾಡುತ್ತಿದ್ದಳು. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ‘ಇವಳ ಕಿವಿ ಕನ್ನಡದ್ದು, ನಾಲಿಗೆ ಮಾತ್ರ ಇಂಗ್ಲೆಂಡಿನದು’ ಎಂದು ನಗುತ್ತಿದ್ದಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಆಸ್ತಮಾ ಇತ್ತು. ನೈರೋಬಿಯ ಎತ್ತರವೂ ಮಳೆಗಾಲದ ಥಂಡಿಯೂ ಅವಳಿಗೆ ಎಂದೂ ಆಗಿಬರಲಿಲ್ಲ.

ಇನ್ನು ಕಾರು. ಅಂಥದ್ದನ್ನು ಈಗ ಕ್ಲಾಸಿಕ್ ಎನ್ನುತ್ತಾರೆ. ಭಾನುವಾರ ಮೆರವಣಿಗೆ ಮಾಡುತ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮನೆಗೆ ಆ ಪದ ಬಂದಿರಲಿಲ್ಲ. ನಮ್ಮಲ್ಲಿ ಇದ್ದ ಪದ ಡಕೋಟ. ಊರಿಗೆ ವಾಪಸಾಗುತ್ತಿದ್ದ ಒಬ್ಬ ಇಂಗ್ಲಿಷ್ ಮೇಷ್ಟ್ರಿಂದ ಅಪ್ಪ ಕೊಂಡಾಗಲೇ ಅದು ಮುದಿಯಾಗಿತ್ತು. ದುಂಡು ಬೆನ್ನು, ಬೂದು ಬಣ್ಣ, ಒಳಗೆ ಕೂತರೆ ಹಳೆಯ ಚರ್ಮದ ವಾಸನೆ. ಅಪ್ಪ ಭೌತಶಾಸ್ತ್ರದವರು. ಅದನ್ನು ಒಮ್ಮೆಯೂ ಗ್ಯಾರೇಜಿಗೆ ಬಿಟ್ಟವರಲ್ಲ. ಓಮನ ನಿಯಮ ಪಾಠ ಹೇಳುವವನು ಕಾರಿನ ನಾಲ್ಕು ವೈರಿಗೆ ಇನ್ನೊಬ್ಬರ ಕೈ ಕಾಯಬೇಕೇ ಎನ್ನುವುದು ಅವರ ವಾದ. ಪಕ್ಕದ ಮನೆಯ ಫ್ಲೇವಿ ಆಂಟಿ, ಮಂಗಳೂರಿನವರು, ಬಾಯಿಗೆ ಬೀಗ ಗೊತ್ತಿಲ್ಲದವರು, ಬೇಲಿಯಾಚೆಯಿಂದಲೇ ಕೂಗುತ್ತಿದ್ದರು:

“ಮಾಷ್ಟ್ರೇ, ಗಾಡಿಯ ಮೇಲೆ ಇರುವುದಕ್ಕಿಂತ ಅದರ ಅಡಿಯಲ್ಲೇ ನೀವು ಜಾಸ್ತಿ ಇರುವುದಲ್ಲವಾ?”

ಅಪ್ಪನಿಗೆ ಕೋಪ ಬರುತ್ತಿರಲಿಲ್ಲ. ಅಡಿಯಿಂದಲೇ ಕೈ ಬೀಸುತ್ತಿದ್ದರು.

ಮಹಾನವಮಿಯ ಬೆಳಿಗ್ಗೆ ಮಾತ್ರ ಆ ಕಾರು ಅಪ್ಪನೊಬ್ಬರದಲ್ಲ, ಅಮ್ಮನದೂ ಹೌದು. ಆಯುಧಪೂಜೆ ಎಂದರೆ ಬೇರೆಯವರು ಗಾಡಿ ತೊಳೆದು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುತ್ತಾರೆ. ನಮ್ಮಲ್ಲಿ ಅದು ವರ್ಷದ ಸರ್ವಿಸ್ಸೂ ಆಗಿತ್ತು. ಅಪ್ಪ ಬಾನೆಟ್ ಎತ್ತಿ ಪ್ಲಗ್ಗು ಬಿಚ್ಚುವರು, ಬ್ಯಾಟರಿಯ ತುದಿ ಉಜ್ಜುವರು, ವೈರುಗಳನ್ನು ಕಾರಿನ ಮೈಗೆ ಹಿಡಿದಿಡುವ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಸ್ಯಾಂಡ್‌ಪೇಪರಿನಲ್ಲಿ ಬೆಳ್ಳಿಯಂತೆ ಹೊಳೆಸುವರು. ಅಮ್ಮ ಅರಿಶಿನ, ಗಂಧ, ಕುಂಕುಮ ಕಲಸಿದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿರುವಳು. ಎಲ್ಲರೂ ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಿದರೆ ಅಮ್ಮ ಬಾನೆಟ್ಟಿನ ಒಳಗೆ ಹಚ್ಚುತ್ತಿದ್ದಳು.

“ಹೊರಗೆ ಹಚ್ಚೋದು ಜನ ನೋಡ್ಲಿ ಅಂತ. ಕೆಲ್ಸ ಮಾಡೋದೆಲ್ಲಾ ಒಳಗಿರೋದು ತಾನೇ? ಅದಕ್ಕೆ ಇಡೋದು ಬೇಡ್ವಾ?”

ಅಪ್ಪ ಹೊಳೆಸಿಟ್ಟ ಜಾಗ ಕಂಡರೆ ಅವಳಿಗೆ ಸುಮ್ಮನಿರಲಾಗುತ್ತಿರಲಿಲ್ಲ. ಬೋಲ್ಟು ಬಿಗಿಯಲು ಅಪ್ಪ ಸ್ಪ್ಯಾನರ್ ಎತ್ತಿದರೆ, ‘ತಡೀರಿ, ಒಂದ್ ನಿಮಿಷ’ ಎಂದು ಉಂಗುರದ ಬೆರಳಿನಲ್ಲಿ ಅಲ್ಲೊಂದು ಬೊಟ್ಟು ಇಡುವಳು. ಅಪ್ಪ ಅದರ ಮೇಲೇ ಬಿಗಿಯುವರು. ಮದುವೆಯಾದಾಗಿನಿಂದ ಅವರಿಬ್ಬರ ಪೂಜೆ ನಡೆದದ್ದೇ ಹೀಗೆ. ಒಬ್ಬರು ಇನ್ನೊಬ್ಬರ ಕೆಲಸವನ್ನು ಪ್ರಶ್ನಿಸುತ್ತಿರಲಿಲ್ಲ. ನಾನು ನೋಡಿದ ದಾಂಪತ್ಯಗಳಲ್ಲಿ ಅದೊಂದು ಬೆಳಿಗ್ಗೆಯಷ್ಟು ಸುಖವಾದದ್ದನ್ನು ಮತ್ತೆ ಕಂಡಿಲ್ಲ.

ಅವಳು ಹೋಗುವುದಕ್ಕೆ ಮುಂಚಿನ ಮಹಾನವಮಿಯಲ್ಲಿ ವೈಪರಿಗೆ ವಿಶೇಷ ಉಪಚಾರ ನಡೆಯಿತು. ಅದಕ್ಕೆ ಕಾರಣವಿತ್ತು. ಅದು ಪ್ರತಿ ವರ್ಷವೂ ಮಾರ್ಚ್ ತಿಂಗಳ ದೊಡ್ಡ ಮಳೆಯ ಹೊತ್ತಿಗೆ ಮಂಕಾಗುತ್ತಿತ್ತು. ಗಾಜಿನ ಮೇಲೆ ಎದ್ದರೂ ಎದ್ದೆ, ಬಿದ್ದರೂ ಬಿದ್ದೆ ಎಂಬಂತೆ ಓಡಾಡುತ್ತಿತ್ತು. ಮೋಟರಿಗೆ ವಯಸ್ಸಾಯಿತು ಎಂದು ಅಪ್ಪ ಹೇಳುತ್ತಿದ್ದರು. ಹಾಗಾಗಿ ಅಮ್ಮ ಆ ಸಲ ವೈಪರಿನ ವೈರಿನ ಬೋಲ್ಟಿಗೆ ಒಂದು ಬೊಟ್ಟಲ್ಲ, ಬಟ್ಟಲಿನಲ್ಲಿ ಉಳಿದದ್ದನ್ನೆಲ್ಲ ಬಳಿದಳು.

“ಮಳೇಲಿ ನಮ್ಮನ್ನ ಕಾಯೋದು ಇದೇ. ಇದಕ್ಕೆ ಜಾಸ್ತಿ ಇರ್ಲಿ” ಎಂದಳು.

ಅಪ್ಪ ನಕ್ಕು ಬಿಗಿದರು.

ಅದರ ಮುಂದಿನ ದೊಡ್ಡ ಮಳೆಯಲ್ಲಿ, ಒಂದು ಮಧ್ಯಾಹ್ನ, ಅಮ್ಮನಿಗೆ ಉಸಿರು ಕಟ್ಟಿತು. ಎಂದಿನ ಪಂಪು ಒತ್ತಿಕೊಂಡಳು, ಬಿಸಿನೀರು ಕುಡಿದಳು, ಕಿಟಕಿಯ ಕಂಬಿ ಹಿಡಿದು ನಿಂತಳು. ಯಾವುದಕ್ಕೂ ಬಗ್ಗಲಿಲ್ಲ. ಅಪ್ಪ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾನು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಗೇಟಿನಿಂದ ಹೊರಬಿದ್ದು ದೊಡ್ಡ ರಸ್ತೆ ಸೇರುವಷ್ಟರಲ್ಲಿ ಮಳೆ ಹೊಡೆಯತೊಡಗಿತು. ವೈಪರು ಮೂರು ನಾಲ್ಕು ಸಲ ತಿಣುಕಾಡಿ ಗಾಜಿನ ಮಧ್ಯದಲ್ಲಿ ನಿಂತುಬಿಟ್ಟಿತು. ಅಪ್ಪ ಸ್ವಿಚ್ಚನ್ನು ಹಾಕಿದರು, ತೆಗೆದರು, ಡ್ಯಾಶ್‌ಬೋರ್ಡಿಗೆ ಗುದ್ದಿದರು. ಆಮೇಲೆ ಕಿಟಕಿಯ ಗಾಜು ಇಳಿಸಿ, ತಲೆಯನ್ನು ಹೊರಗೆ ಹಾಕಿ, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಓಡಿಸಿದರು. ಎದುರಿನ ಮಟಾಟು ವ್ಯಾನುಗಳು ಎರಚಿದ ಕೆಂಪು ನೀರು ಅವರ ಮುಖದಿಂದ ಇಳಿಯುತ್ತಿತ್ತು. ಕನ್ನಡಕ ತೆಗೆದರೆ ಕಾಣುವುದಿಲ್ಲ, ಹಾಕಿದರೂ ಕಾಣುವುದಿಲ್ಲ. ಮತ್ತೆ ಮತ್ತೆ ನಿಲ್ಲಿಸಿ, ಇಳಿದು, ಅಂಗಿಯ ತೋಳಿನಿಂದ ಗಾಜು ಒರೆಸಿ ಬರುತ್ತಿದ್ದರು. ವೆಸ್ಟ್‌ಲ್ಯಾಂಡ್ಸಿನ ವೃತ್ತದಲ್ಲಿ ಗಾಡಿಗಳ ನಡುವೆ ಸಿಕ್ಕಿಕೊಂಡೆವು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಅಪ್ಪ ಗಾಡಿ ಓಡಿಸುವಾಗಲೆಲ್ಲ ಅಮ್ಮ ಹೇಳುತ್ತಿದ್ದ ಒಂದು ಮಾತಿತ್ತು, ಆ ಊರಿನಲ್ಲಿ ಎಲ್ಲರೂ ಹೇಳುವ ಮಾತು. ಅದನ್ನೇ, ಒಂದೊಂದು ತುಂಡಾಗಿ, ನನ್ನ ತೊಡೆಯ ಮೇಲಿನಿಂದ ಹೇಳಿದಳು.

“ಪೋಲೆ ಪೋಲೆ ರೀ… ನಿಧಾನ… ಅರ್ಜೆಂಟಿಲ್ಲ.”

ಆಸ್ಪತ್ರೆ ಸೇರಿದಾಗ ಅವಳ ತುಟಿ ನೀಲಿಯಾಗಿತ್ತು. ಕತ್ತಲಾಗುವ ಮುಂಚೆಯೇ ಮುಗಿಯಿತು. ಹೊರಗೆ ಬಂದ ಡಾಕ್ಟರು ‘ಇನ್ನೊಂದು ಸ್ವಲ್ಪ ಬೇಗ…’ ಎಂದು ಶುರು ಮಾಡಿ, ಅಪ್ಪನ ಮೈಮೇಲಿನ ಕೆಸರು ನೋಡಿ ನಿಲ್ಲಿಸಿದರು. ಪೂರ್ತಿ ಹೇಳಿದ್ದರೆ ಅಪ್ಪ ವಾದ ಮಾಡುತ್ತಿದ್ದರೋ ಏನೋ. ಅರ್ಧ ಮಾತಿನ ಜೊತೆ ವಾದ ಮಾಡಲು ಯಾರಿಂದಲೂ ಆಗುವುದಿಲ್ಲ. ಅಪ್ಪ ಅದನ್ನು ಮನೆಗೆ ತಂದು ಉಳಿದ ಆಯುಷ್ಯವೆಲ್ಲ ಇಟ್ಟುಕೊಂಡರು.

ದೊಡ್ಡಮ್ಮ ಅಮ್ಮನ ಅಕ್ಕ. ತಾಯಿಯಿಲ್ಲದ ಅಮ್ಮನಿಗೆ ಜಡೆ ಹಾಕಿ ಬೆಳೆಸಿದವಳು. ಹನ್ನೊಂದನೆಯ ದಿನದ ಕರ್ಮಕ್ಕೆ ಮೈಸೂರಿನಿಂದ ಬಂದು ಸೇರಿದಳು. ಬಂದವಳೇ ನನ್ನನ್ನು ಎದೆಗೆ ಅವಚಿಕೊಂಡು ಅತ್ತಳು. ಅಳು ಮುಗಿದ ಮೇಲೆ ಏನಾಯಿತು ಎಂದು ಕೇಳಿದಳು. ಸಮಾಧಾನ ಹೇಳಲು ಬಂದವರು ಬಾಯಿ ಬಿಗಿ ಹಿಡಿಯುವುದುಂಟೇ? ಮಳೆಯಲ್ಲಿ ವೈಪರ್ ನಿಂತದ್ದು, ಗಾಡಿಯನ್ನು ಗ್ಯಾರೇಜಿಗೆ ತೋರಿಸಿ ಎಂದು ತಾವು ಎಷ್ಟು ಸಲ ಹೇಳಿದ್ದರೂ ಮೇಷ್ಟ್ರು ಕೇಳದೆ ಇದ್ದದ್ದು, ಎಲ್ಲವೂ ಮಾರನೆಯ ಮಧ್ಯಾಹ್ನದೊಳಗೆ ಅವಳ ಕಿವಿಗೆ ಬಿತ್ತು. ರಾತ್ರಿ ಊಟಕ್ಕೆ ಕೂತಾಗ ದೊಡ್ಡಮ್ಮ ಅಪ್ಪನ ಮುಖ ನೋಡದೆ, ಅಗ್ಗಿಷ್ಟಿಕೆಯಲ್ಲಿದ್ದ ದೇವರ ಕಡೆ ತಿರುಗಿ ಹೇಳಿದಳು:

“ನನ್ ತಂಗಿ ಆ ಕಾರಿಗ್ ಮಾಡಿದಷ್ಟ್ ಪೂಜೆ ದೇವ್ರಿಗೂ ಮಾಡಿರಲಿಲ್ಲ. ಪೂಜೆ ಮಾಡಿದ್ ಗಾಡಿ ತಾನಾಗ್ ತಾನೇ ಕೈ ಕೊಡಲ್ಲ. ಯಾರೋ ಏನೋ ತಪ್ ಮಾಡಿರ್ಬೇಕು. ಅದ್ ಏನು ಅಂತ ನಂಗ್ ಗೊತ್ತಾಗ್ಬೇಕು.”

“ನನಗೂ ಗೊತ್ತಾಗ್ಬೇಕು, ಅತ್ತಿಗೆ” ಎಂದರು ಅಪ್ಪ.

ಹೀಗೆ ಶುರುವಾಯಿತು. ಕಾಲೇಜಿನಿಂದ ಬಂದವರೇ ಅಪ್ಪ ಬಟ್ಟೆ ಬದಲಿಸಿ ಕಾರಿನ ಹತ್ತಿರ ಹೋಗುತ್ತಿದ್ದರು. ಗಾಡಿ ಗೇಟಿನೊಳಗೆ ತಗಡಿನ ಚಪ್ಪರದ ಕೆಳಗೆ ಇತ್ತು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಬಾನೆಟ್ಟಿನ ಒಳಗೆ ತಲೆ ಹಾಕಿದರೆ ಇನ್ನೊಬ್ಬರು ಒಳಗೆ ಕೂತು ಸ್ವಿಚ್ ಒತ್ತಬೇಕು. ಆ ಇನ್ನೊಬ್ಬಳು ನಾನು. ಎತ್ತಿದ ಬಾನೆಟ್ಟಿನಿಂದಾಗಿ ಅಪ್ಪ ನನಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ‘ಹಾಕು’ ಎಂದರೆ ಹಾಕುವೆ, ‘ತೆಗಿ’ ಎಂದರೆ ತೆಗೆಯುವೆ. ಅಮ್ಮ ಹೋದ ಮೇಲೆ ನಮ್ಮಿಬ್ಬರ ನಡುವೆ ವಾರಗಟ್ಟಲೆ ನಡೆದ ಮಾತು ಹೆಚ್ಚು ಕಡಿಮೆ ಇಷ್ಟೇ. ನನಗೆ ಅದು ಸಾಕಾಗಿತ್ತು. ಅಪ್ಪ ಅಳುವುದಿದ್ದರೆ ಬಾನೆಟ್ಟಿನ ಆ ಬದಿಯಲ್ಲಿ ಅಳಬಹುದಿತ್ತು, ನಾನು ಈ ಬದಿಯಲ್ಲಿ.

ಅಪ್ಪ ಕ್ರಮ ತಪ್ಪುವವರಲ್ಲ. ಮೊದಲು ಫ್ಯೂಸು. ಅದು ಸುಟ್ಟಿರಲಿಲ್ಲ, ಆದರೂ ಹೊಸದು ಹಾಕಿದರು. ಆಮೇಲೆ ಸ್ವಿಚ್ಚು. ಅದನ್ನು ಬಿಚ್ಚಿ ಒಳಗಿನ ತಾಮ್ರದ ನಾಲಿಗೆ ಉಜ್ಜಿ ಮತ್ತೆ ಕೂರಿಸಿದರು. ಆಮೇಲೆ ಮೋಟರಿಗೆ ಹೋಗುವ ವೈರು. ಒಂದು ಪುಟ್ಟ ಬಲ್ಬಿಗೆ ಎರಡು ವೈರು ಕಟ್ಟಿ, ಒಂದನ್ನು ಮೋಟರಿನ ಬಾಯಿಗೂ ಇನ್ನೊಂದನ್ನು ಹತ್ತಿರದಲ್ಲಿ ಸಿಕ್ಕಿದ ಕಬ್ಬಿಣಕ್ಕೂ ಹಿಡಿದು ‘ಹಾಕು’ ಎಂದರು. ಬಲ್ಬು ಪ್ರಕಾಶವಾಗಿ ಉರಿಯಿತು. ಅಂದರೆ ಕರೆಂಟು ಮೋಟರಿನ ತನಕ ಬರುತ್ತಿದೆ, ಮೋಟರೇ ಕೆಟ್ಟಿದೆ. ಹಾಗೆಂದು ಅಪ್ಪ ಮೋಟರನ್ನು ಬಿಚ್ಚಿ ಒಳಗೆ ತಂದು ಮೇಜಿನ ಮೇಲೆ ಇಟ್ಟರು. ಬ್ಯಾಟರಿಯನ್ನೂ ತಂದು ಕುರ್ಚಿಯ ಮೇಲೆ ಇಟ್ಟು, ಎರಡು ವೈರು ತಾಗಿಸಿದರು. ಮೋಟರು ಜುಂಯ್ ಎಂದು ಓಡಿತು. ಲೋಟಗಳು ನಡುಗಿದವು. ಪಕ್ಕದ ಕೋಣೆಯಲ್ಲಿ ಮಲಗಿದ್ದ ದೊಡ್ಡಮ್ಮ ಎದ್ದು ಬಂದಳು.

“ಸರಿಯಾಯ್ತಾ?”

“ಇಲ್ಲಿ ಓಡುತ್ತೆ” ಎಂದರು ಅಪ್ಪ.

ಕಾರಿಗೆ ಹಾಕಿದರೆ ಮತ್ತೆ ಸತ್ತ ಹಾಗೆ ಬಿದ್ದುಕೊಂಡಿತು. ಬಿಚ್ಚಿದರು, ತಂದರು, ಓಡಿತು. ಹಾಕಿದರು, ನಿಂತಿತು. ಮನೆಯಲ್ಲಿ ಪದ್ಯವನ್ನು ಪಟಪಟ ಒಪ್ಪಿಸಿ ಶಾಲೆಯಲ್ಲಿ ಬಾಯಿ ಹೊಲಿದುಕೊಳ್ಳುವ ಮಕ್ಕಳ ಹಾಗೆ. ಅಪ್ಪ ಮೋಟರಿನ ಹೊಟ್ಟೆ ಬಿಚ್ಚಿ ಕಾರ್ಬನ್ ತುಂಡುಗಳನ್ನು ಬದಲಿಸಿದರು, ಹಲ್ಲಿನ ಚಕ್ರಕ್ಕೆ ಗ್ರೀಸು ಹಾಕಿದರು. ಅಷ್ಟರಲ್ಲಿ ಅದಕ್ಕೆ ಅಮ್ಮನ ಜಾಗ ಖಾಯಂ ಆಗಿತ್ತು. ಫ್ಲೇವಿ ಆಂಟಿ ನಮಗಾಗಿ ಈರುಳ್ಳಿ ಬೆಳ್ಳುಳ್ಳಿ ಹಾಕದೆ ಸಾರು ಮಾಡಿ ತಂದವರು ಅದನ್ನು ನೋಡಿ ಬಾಗಿಲಲ್ಲೇ ನಿಂತರು.

“ಮಾಷ್ಟ್ರೇ, ಸಾಕು ಮಾರಾಯ್ರೆ. ಆ ಗಾಡಿ ಕೊಟ್ಟುಬಿಡಿ ಯಾರಿಗಾದರೂ. ಇದು ಸರಿಯಾದರೆ ಅವರು ಎದ್ದು ಬರ್ತಾರಾ?”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೂ ನನಗೆ ಆ ಸಾರನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು. ಸಂಕಟದಲ್ಲಿ ಇರುವವರಿಗೆ ಜಗತ್ತು ಹೇಳುವ ಬುದ್ಧಿಮಾತುಗಳಲ್ಲಿ ಮುಕ್ಕಾಲು ಪಾಲು ಹೀಗೆ, ನಿಜವಾದರೂ ಯಾವ ಉಪಯೋಗಕ್ಕೂ ಬಾರದವು. ಎದ್ದು ಬರುವುದಿಲ್ಲ ಎಂದು ನನಗೇ ಗೊತ್ತಿತ್ತು. ಅಪ್ಪ ಹುಡುಕುತ್ತಿದ್ದದ್ದು ಒಂದೇ: ಆ ಮಧ್ಯಾಹ್ನ ವೈಪರು ನಿಂತದ್ದು ತನ್ನಿಂದಲೋ ಅಲ್ಲವೋ. ‘ಅಲ್ಲ’ ಎಂದು ಗೊತ್ತಾದರೆ ಅವರಿಗೆ ನಿದ್ದೆ ಬರುತ್ತಿತ್ತು. ನಾನೂ ಅದನ್ನೇ ಬೇಡುತ್ತಿದ್ದೆ. ಅಗ್ಗಿಷ್ಟಿಕೆಯ ದೇವರ ಮುಂದೆ ಕಣ್ಣು ಮುಚ್ಚಿ, ತಪ್ಪು ಅಪ್ಪನದು ಆಗದೆ ಇರಲಿ, ಬೇರೆ ಯಾರದಾದರೂ ಆಗಲಿ ಎಂದು ಬೇಡುತ್ತಿದ್ದೆ.

ಮಳೆ ಹಿಂದೆಗೆಯುತ್ತಿದ್ದ ದಿನಗಳಲ್ಲಿ, ಒಂದು ಭಾನುವಾರ, ಊಟದ ನಡುವೆ ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಮೋಟರನ್ನೂ ಕುರ್ಚಿಯ ಮೇಲಿನ ಬ್ಯಾಟರಿಯನ್ನೂ ನೋಡಿದರು. ಎರಡು ವೈರು, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ.

“ಪುಟ್ಟಿ, ಕರೆಂಟು ಹೋದ್ರೆ ಸಾಲ್ದು ಕಣೇ. ಬ್ಯಾಟರಿಗೆ ವಾಪಸ್ ಬರೋಕೂ ದಾರಿ ಬೇಕು. ಮೇಜಿನ ಮೇಲೆ ಆ ದಾರಿ ನಾನೇ ಹಾಕ್ಕೊಡ್ತಿದೀನಿ. ಕಾರಲ್ಲಿ ಯಾರು ಹಾಕ್ಕೊಡ್ತಾರೆ?”

ಮೋಟರು ಕೂರುವುದು ರಬ್ಬರಿನ ಮೇಲೆ, ಹಾಗಾಗಿ ಕಾರಿನಲ್ಲಿ ಆ ದಾರಿ ಎಂದರೆ ಮೋಟರಿನಿಂದ ಹೊರಟ ಒಂದು ಕರಿ ವೈರು, ಅದನ್ನು ಕಾರಿನ ಮೈಗೆ ಕಚ್ಚಿ ಹಿಡಿದ ಒಂದು ಬೋಲ್ಟು. ಅರ್ತಿಂಗ್ ಎನ್ನುತ್ತಾರಲ್ಲ, ಅದು. ಕ್ಲಾಸಿನಲ್ಲಿ ವರ್ಷಾನುಗಟ್ಟಲೆ ಅಪ್ಪ ಹೇಳಿದ ಮೊದಲ ಪಾಠವೇ ಅದು. ಆದರೆ ಆ ಬೋಲ್ಟನ್ನು ಅವರು ಸಂಶಯಪಟ್ಟಿರಲೇ ಇಲ್ಲ. ಮಹಾನವಮಿಗೆ ತಾನೇ ಉಜ್ಜಿ, ಹೊಳೆಸಿ, ಬಿಗಿದದ್ದಲ್ಲವೇ? ದೀಪದ ಬುಡದಲ್ಲೇ ಕತ್ತಲು.

ಎಂಜಲು ಕೈ ತೊಳೆದು ಮೋಟರನ್ನೂ ಬ್ಯಾಟರಿಯನ್ನೂ ಎತ್ತಿಕೊಂಡು ಹೊರಗೆ ಹೋದರು. ನಾನು ಹಿಂದೆಯೇ ಓಡಿ ಸ್ವಿಚ್ಚಿನ ಹತ್ತಿರ ಕೂತೆ. ಎರಡನ್ನೂ ಕೂರಿಸಿ, ಮೋಟರಿನ ಮೈಯಿಂದ ಬ್ಯಾಟರಿಗೆ ಒಂದು ಬಿಡಿ ವೈರು ಕಟ್ಟಿ ‘ಹಾಕು’ ಎಂದರು. ವೈಪರು ಒಣ ಗಾಜಿನ ಮೇಲೆ ಕಿರುಚುತ್ತಾ ಈ ತುದಿಯಿಂದ ಆ ತುದಿಗೆ ಹಾರಿತು. ನನಗೆ ಭಯವಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅಪ್ಪ ‘ತೆಗಿ’ ಎನ್ನಲಿಲ್ಲ. ವೈಪರು ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಸ್ಪ್ಯಾನರಿನ ಸದ್ದು, ಆಮೇಲೆ ಅದೂ ಇಲ್ಲ. ನಾನು ಸ್ವಿಚ್ ತೆಗೆದು, ಇಳಿದು ಆ ಬದಿಗೆ ಹೋದೆ.

ಬೋಲ್ಟು ಅಪ್ಪನ ಅಂಗೈಯಲ್ಲಿತ್ತು. ಅದು ಇದ್ದ ಜಾಗದಲ್ಲಿ, ವೈರಿನ ಉಂಗುರ ಕೂರುವ ಸುತ್ತಳತೆಗೆ ಸರಿಯಾಗಿ, ಕಂದು ತುಕ್ಕು ಹಕ್ಕಳೆಗಟ್ಟಿತ್ತು. ತುಕ್ಕಿನ ನಡುವೆ ಕೆಂಪು. ಅಂಚಿನಲ್ಲಿ ಒಂದಿಷ್ಟು ಹಳದಿ. ಬೆರಳಿನ ಗುರುತು ಕೂಡ ಹಾಗೇ ಒಣಗಿತ್ತು. ಹೊಳೆಯುವ ಕಬ್ಬಿಣದ ಮೇಲೆ ಒದ್ದೆಯಾಗಿ ಬಳಿದು, ಮೇಲಿನಿಂದ ಬಿಗಿದು, ತಿಂಗಳುಗಟ್ಟಲೆ ಥಂಡಿಯಲ್ಲಿ ಬಿಟ್ಟರೆ ಏನಾಗಬೇಕೋ ಅದೇ ಆಗಿತ್ತು. ಪ್ರತಿ ವರ್ಷವೂ ಸ್ವಲ್ಪ ಸ್ವಲ್ಪ ಆಗುತ್ತಿದ್ದದ್ದು ಆ ವರ್ಷ ಪೂರ್ತಿಯಾಗಿತ್ತು. ಜಾಸ್ತಿ ಇರಲಿ ಎಂದಿದ್ದಳಲ್ಲ. ನನಗೆ ಅರ್ಥವಾಗಲು ಅಪ್ಪ ಏನೂ ಹೇಳಬೇಕಾಗಲಿಲ್ಲ. ಬೇರೆ ಯಾರದಾದರೂ ಆಗಲಿ ಎಂದು ನಾನು ಬೇಡಿಕೊಂಡದ್ದು ನೆನಪಾಯಿತು. ಅಪ್ಪ ನನ್ನ ಮುಖ ನೋಡಿದರು. ಗೇಟಿನ ಕಾವಲುಗಾರ, ನಾವಿಬ್ಬರೂ ಹಾಗೆ ನಿಂತದ್ದು ಕಂಡು ಏನು ತಿಳಿದುಕೊಂಡನೋ, ‘ಪೋಲೆ, ಮ್ವಾಲಿಮು’ ಎಂದ. ಎರಡು ಸಲ ಹೇಳಿದರೆ ನಿಧಾನ ಎನ್ನುವ ಆ ಪದ ಒಂದೇ ಸಲ ಹೇಳಿದರೆ ಸಂತಾಪ; ಮೇಷ್ಟ್ರಿಗೆ ಅವನ ಸಂತಾಪ. ಅಪ್ಪ ‘ಅಸಾಂಟೆ’ ಎಂದು ಅವನಿಗೆ ಧನ್ಯವಾದ ಹೇಳಿದರು.

ಸ್ಯಾಂಡ್‌ಪೇಪರ್ ಅವರ ಜೇಬಿನಲ್ಲೇ ಇತ್ತು. ತೆಗೆದು, ಮಡಚಿ, ಆ ಜಾಗದ ಹತ್ತಿರ ತಂದರು. ಒಂದೆರಡು ಸಲ ತಿಕ್ಕಿದ್ದರೆ ಮುಗಿಯುತ್ತಿತ್ತು. ಅವರ ಕೈ ಅಲ್ಲಿಯವರೆಗೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಕೊನೆಗೆ ಸ್ಯಾಂಡ್‌ಪೇಪರನ್ನು ಜೇಬಿಗೆ ಹಾಕಿಕೊಂಡು, ಬೋಲ್ಟನ್ನು ಇದ್ದಲ್ಲೇ, ಆ ಕುಂಕುಮದ ಮೇಲೇ, ವೈರಿಲ್ಲದೆ ಖಾಲಿಯಾಗಿ ತಿರುಗಿಸಿ ಕೂರಿಸಿದರು. ಒಂದು ಗೇಣು ಆಚೆಗೆ ಬೇರೆ ತೂತು ಕೊರೆದು, ಅಲ್ಲಿನ ಬಣ್ಣ ಕೆರೆದು, ಮೋಟರಿನ ಕರಿ ವೈರಿಗೆ ಇನ್ನೊಂದು ತುಂಡು ಸೇರಿಸಿ ಹೊಸ ಬೋಲ್ಟಿಗೆ ಬಿಗಿದರು. ‘ಹಾಕು’ ಎಂದರು. ಹಾಕಿದೆ. ಓಡಿತು.

ರಾತ್ರಿ ಊಟಕ್ಕೆ ಕೂತಾಗ ಮೇಜಿನ ಮೇಲೆ ಮೋಟರು ಇರಲಿಲ್ಲ. ಪೇಪರಿನ ಕೆಳಗೂ ಇಳಿದಿದ್ದ ಗ್ರೀಸಿನ ಕಲೆ ಮಾತ್ರ ಇತ್ತು. ದೊಡ್ಡಮ್ಮ ಅನ್ನದ ಪಾತ್ರೆ ಕೆಳಗಿಟ್ಟು, ಅಂದು ಮೊದಲ ಸಲ ಅಪ್ಪನ ಮುಖವನ್ನೇ ನೋಡಿ ಕೇಳಿದಳು:

“ಸಿಕ್ತಾ? ಏನಾಗಿತ್ತು ಅದಕ್ಕೆ?”

ಹೇಳಿದರೆ ಅಪ್ಪ ಬಚಾವು. ‘ನಿಮ್ಮ ತಂಗಿ ಹಚ್ಚಿದ ಕುಂಕುಮ’ ಎಂದರೆ ಅಲ್ಲಿಗೆ ಮುಗಿಯಿತು. ಅಮ್ಮನ ಹೆಸರು ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಅಪ್ಪ ನೀರು ಕುಡಿದರು.

“ನನ್ ಕೈ ತಪ್ಪು, ಅತ್ತಿಗೆ. ಒಂದ್ ಬೋಲ್ಟು. ಹಬ್ಬದ ದಿನ ಬಿಚ್ಚಿದ್ದೆ. ಸರಿಯಾಗಿ ಬಿಗಿದಿರಲಿಲ್ಲ.”

ದೊಡ್ಡಮ್ಮ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು.

“ಒಂದ್ ಬೋಲ್ಟು. ನನ್ ವಿಮಲನ್ನ ಒಂದ್ ಬೋಲ್ಟಿಗ್ ಕಳ್ಕೊಂಡ್ರಾ? ಅವಳು ಅಷ್ಟ್ ಭಕ್ತಿಯಿಂದ ಪೂಜೆ ಮಾಡ್ತಿದ್ರೆ, ನಿಮಗೆ ಒಂದ್ ಬೋಲ್ಟ್ ಬಿಗಿಯೋಕಾಗ್ಲಿಲ್ವಾ?”

“ಆಗ್ಲಿಲ್ಲ” ಎಂದರು ಅಪ್ಪ.

“ನಂಗ್ ಟಿಕೆಟ್ ಮಾಡ್ಸಿ. ಮಗು ನನ್ ಜೊತೆ ಬರುತ್ತೆ. ಇಂಥವರ ಕೈಲಿ ಬಿಟ್ ಹೋಗಲ್ಲ ನಾನು.”

ಅಪ್ಪ ಇಲ್ಲ ಎನ್ನಲಿಲ್ಲ. ತಾನು ಹೊತ್ತ ತಪ್ಪಿನ ಜೊತೆ ಈ ಶಿಕ್ಷೆಯೂ ಬರುತ್ತದೆ ಎಂದು ಅವರು ಲೆಕ್ಕ ಹಾಕಿರಲಿಲ್ಲವೇನೋ, ಮುಖ ಬಿಳಿಚಿಕೊಂಡಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಬಾಯಿಯ ತುದಿಯಲ್ಲಿ ಎಲ್ಲವೂ ಇತ್ತು, ಕುಂಕುಮ, ಹಕ್ಕಳೆ, ಬೆರಳಿನ ಗುರುತು. ಅಪ್ಪ ನನ್ನ ಕಡೆ ನೋಡಿ, ಕಾಣದಷ್ಟು ಸಣ್ಣಗೆ ತಲೆಯಾಡಿಸಿದರು. ಬೇಡ ಎಂದು. ನಾನು ಅವರು ಬೇಡ ಎಂದದ್ದನ್ನು ನುಂಗಿ, ಉಳಿದದ್ದನ್ನು ಹೇಳಿದೆ. ದೊಡ್ಡಮ್ಮನ ಜೊತೆ ಅಷ್ಟು ದಿನವೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳಿಗೆ ಆ ಹೊತ್ತಿಗೆ ಕನ್ನಡ ಬಂತು.

“ನಾನು ಬರಲ್ಲ, ದೊಡ್ಡಮ್ಮ. ನಾನ್ ಬಂದ್ರೆ ಅಪ್ಪಂಗೆ ಸ್ವಿಚ್ ಯಾರ್ ಹಾಕ್ತಾರೆ?”

ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಹೊರಡುವ ದಿನ ಸೋನೆ ಹಿಡಿದಿತ್ತು. ವೈಪರು ಚೆನ್ನಾಗಿ ಓಡುತ್ತಿದ್ದರೂ ಅವಳು ನಮ್ಮ ಕಾರು ಹತ್ತಲು ಒಪ್ಪಲಿಲ್ಲ. ಫ್ಲೇವಿ ಆಂಟಿಯ ಕಾರಿನಲ್ಲಿ ಎಂಬಕಸಿಗೆ ಹೋಗಿ ವಿಮಾನ ಹತ್ತಿದಳು. ಅಪ್ಪ ಗೇಟಿನ ಹತ್ತಿರ ನಿಂತು ಕೈ ಮುಗಿದರು. ಅವಳು ತಿರುಗಿ ನೋಡಲಿಲ್ಲ. ಆಮೇಲೆ ಬದುಕಿರುವ ತನಕ ದೊಡ್ಡಮ್ಮ ಅಪ್ಪನ ಜೊತೆ ನೇರವಾಗಿ ಮಾತಾಡಲಿಲ್ಲ. ರಜಕ್ಕೆ ಮೈಸೂರಿಗೆ ಹೋದರೆ ‘ನಿಮ್ಮಪ್ಪನಿಗೆ ಹೇಳು, ಊಟಕ್ಕೆ ಬರಲಿ’ ಎಂದು ನನ್ನ ಮೂಲಕ ಹೇಳಿಸುತ್ತಿದ್ದಳು, ಅಪ್ಪ ಎದುರಿಗೇ ಕೂತಿರುತ್ತಿದ್ದರು. ಅಪ್ಪ ಎದ್ದು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂರುತ್ತಿದ್ದರು. ತಂಗಿಯ ಭಕ್ತಿಯಲ್ಲಿ ಒಂದು ಎಳ್ಳಿನಷ್ಟೂ ಲೋಪ ಇರಲಿಲ್ಲ ಎಂದು ನಂಬಿಕೊಂಡೇ ದೊಡ್ಡಮ್ಮ ಕಣ್ಣು ಮುಚ್ಚಿದಳು. ಆ ನಂಬಿಕೆಗೆ ಅಪ್ಪ ತೆತ್ತ ಬೆಲೆ ನನಗೊಬ್ಬಳಿಗೆ ಗೊತ್ತಿತ್ತು. ಅಪ್ಪ ಸುಳ್ಳು ಹೇಳಿದರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಿಗಿದವರು ಅವರೇ ಹೌದಲ್ಲ. ನೋಡಿಯೂ ನಕ್ಕು ಬಿಗಿದವರು.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಅದರ ಮುಂದಿನ ವರ್ಷ ಮಹಾನವಮಿಯ ಬೆಳಿಗ್ಗೆ ಅಪ್ಪ ಎಂದಿನಂತೆ ಕಾರಿನ ಬಾನೆಟ್ ಎತ್ತಿದರು. ನಾನು ಒಳಗೆ ಹೋಗಿ, ಅಗ್ಗಿಷ್ಟಿಕೆಯ ದೇವರ ಪಕ್ಕದಲ್ಲಿದ್ದ ಅಮ್ಮನ ಬಟ್ಟಲು ತೆಗೆದು, ಅರಿಶಿನ, ಗಂಧ, ಕುಂಕುಮ ಕಲಸಿದೆ. ನೀರು ಹೆಚ್ಚಾಗಿ ತೆಳ್ಳಗಾಯಿತು. ಹೊರಗೆ ತಂದು ಅಪ್ಪನ ಪಕ್ಕದಲ್ಲಿ ನಿಂತೆ. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎಲ್ಲಿ ಇಟ್ಟರೂ ಏನಾದರೂ ನಿಂತುಹೋಗುತ್ತದೆ ಎಂದು ಬೆರಳನ್ನು ಬಟ್ಟಲಿಗೆ ಹಾಕಲಿಲ್ಲ. ಅಪ್ಪ ಉಜ್ಜಬೇಕಾದ್ದನ್ನೆಲ್ಲ ಉಜ್ಜಿ ಬಿಗಿದು ಮುಗಿಸಿದರು. ಆಮೇಲೆ ಆ ಹಳೆಯ ಬೋಲ್ಟಿಗೆ, ಯಾವ ವೈರನ್ನೂ ಹಿಡಿಯದೆ ಸುಮ್ಮನೆ ಕೂತಿದ್ದ ಬೋಲ್ಟಿಗೆ, ಸ್ಪ್ಯಾನರ್ ಹಾಕಿ ಸಡಿಲಿಸಿದರು. ಕೆಳಗಿನ ಕೆಂಪು ಹಾಗೇ ಇತ್ತು.

“ಇಲ್ಲಿಡು” ಎಂದರು. “ಎಷ್ಟ್ ಬೇ‌ಕಾದ್ರೂ ಇಡು. ನಿಮ್ಮಮ್ಮ ಇಡ್ತಿದ್ದ ಜಾಗ.”

ನಾನು ಉಂಗುರದ ಬೆರಳನ್ನು ಬಟ್ಟಲಿನಲ್ಲಿ ಅದ್ದಿ, ಅವಳ ಬೆರಳಿನ ಗುರುತಿನ ಮೇಲೆ ಇಟ್ಟೆ. ಅಪ್ಪ ಅದರ ಮೇಲೆ ಬಿಗಿದರು.